ತಂದೆಯ ತೂಕ: ಅಗಸ್ಟೀನರ ‘ಕನ್ಫೆಷನ್ಸ್’ನಲ್ಲಿ ನಾಲ್ಕನೆಯ ಆಜ್ಞೆ

ಸಂತ ಅಗಸ್ಟೀನರ ‘ಕನ್ಫೆಷನ್ಸ್’ ಕೃತಿಯನ್ನು ತಾಯಿ ಮೋನಿಕಾ ಅವರ ಕಣ್ಣೀರಿನ ಕಥೆಯಾಗಿ ಓದುವ ರೂಢಿ ನಮ್ಮಲ್ಲಿ ಬಲವಾಗಿದೆ. ಈ ಓದಿನಲ್ಲಿ ತಂದೆ ಪ್ಯಾಟ್ರಿಷಿಯಸ್ ಮರೆಯಲ್ಲೇ ಉಳಿಯುತ್ತಾರೆ. ಆದರೆ ತಂದೆಯ ಹೊಸ್ತಿಲನ್ನು ವರ್ಷಗಟ್ಟಲೆ ತುಳಿಯದ ಮಗನೋ ಮಗಳೋ ‘ನಾನು ನಾಲ್ಕನೆಯ ಆಜ್ಞೆಯನ್ನು ಮೀರಿದೆನೇ?’ ಎಂದು ಗುರುಗಳನ್ನು ಕೇಳಿದಾಗ, ನಾವು ತೆರೆಯಬೇಕಾದುದು ಆ ತಂದೆಯ ಪುಟಗಳನ್ನೇ.

ಆ ಪುಟಗಳು ಹಿತವಾಗಿಲ್ಲ. ಪ್ಯಾಟ್ರಿಷಿಯಸ್ ಮುಂಗೋಪಿ, ಪತ್ನಿಗೆ ನಿಷ್ಠರಲ್ಲ. ಸಿರಿವಂತರಲ್ಲದಿದ್ದರೂ ಮಗನನ್ನು ಕಾರ್ಥೇಜಿಗೆ ಓದಲು ಕಳುಹಿಸಲು ಶಕ್ತಿ ಮೀರಿ ಹಣ ಕೂಡಿಸಿದರು. ಮಗನಿಗೆ ವಾಕ್ಚಾತುರ್ಯ ಬಂದರೆ ಸಾಕು, ಶೀಲದ ಚಿಂತೆ ಅವರಿಗಿರಲಿಲ್ಲ ಎಂಬುದು ಅಗಸ್ಟೀನರ ದೂರು. 3ನೆಯ ಪುಸ್ತಕದಲ್ಲಿ ತಂದೆಯ ಸಾವು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅದೂ ಓದಿನ ಖರ್ಚನ್ನು ತಾಯಿ ಕೊಡುತ್ತಿದ್ದ ಪ್ರಸಂಗದಲ್ಲಿ.

ಇದು ಅಗೌರವವೇ? ‘ಗೌರವಿಸು’ ಎಂಬುದರ ಹೀಬ್ರೂ ಮೂಲಧಾತುವಿಗೆ ಭಾರವೆಂಬ ಅರ್ಥವಿದೆ. ಕನ್ನಡದ ‘ಗೌರವ’ವೂ ಭಾರವೆಂಬರ್ಥದ ‘ಗುರು’ ಶಬ್ದದಿಂದ ಬಂದುದು. ಈ ಹೊಂದಿಕೆ ನಮ್ಮ ಅನುವಾದಕರಿಗೆ ಒದಗಿದ ಭಾಗ್ಯ. ವಿಮೋಚನಕಾಂಡವು ತಂದೆತಾಯಿಗಳನ್ನು ಶಪಿಸುವುದಕ್ಕೆ ಬಳಸುವ ಹೀಬ್ರೂ ಶಬ್ದದ ಮೂಲದಲ್ಲಿರುವುದು ಹಗುರತನ. ಆಜ್ಞೆ ಕೇಳುವುದು ಹಗುರಮಾಡದಿರುವುದನ್ನು. ದೋಷವನ್ನು ಮುಚ್ಚಿಡು ಎಂದಾಗಲಿ, ಹೊಡೆತದ ಕೆಳಗೇ ಬಾಳು ಎಂದಾಗಲಿ ಅದು ಹೇಳುವುದಿಲ್ಲ. ದೇವರೆದುರು ನುಡಿದ ಸತ್ಯ ತಂದೆಯನ್ನು ಹಗುರಮಾಡದು. ಆದರೂ 2ನೆಯ ಪುಸ್ತಕದ ಸ್ನಾನಗೃಹದ ಪ್ರಸಂಗದಲ್ಲಿ, ಮಗ ಪ್ರಾಯಕ್ಕೆ ಬಂದುದನ್ನು ಕಂಡು ಹಿಗ್ಗಿದ ತಂದೆಯನ್ನು ಚಿತ್ರಿಸುವಾಗ, ಅಗಸ್ಟೀನರ ಲೇಖನಿ ಹಗುರವಾಯಿತೆಂದೇ ನಮ್ಮ ಅಭಿಪ್ರಾಯ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಗಂಡಂದಿರ ಹೊಡೆತದ ಗುರುತುಗಳನ್ನು ಮುಖದಲ್ಲಿ ಹೊತ್ತ ಸ್ತ್ರೀಯರಿಗೆ ಮೋನಿಕಾ ಅವರು ದಾಸಿಯರಂತೆ ತಾಳಿಕೊಳ್ಳಲು ಬುದ್ಧಿ ಹೇಳಿದುದನ್ನು 9ನೆಯ ಪುಸ್ತಕ ಮೆಚ್ಚಿ ದಾಖಲಿಸುತ್ತದೆ. ಇದನ್ನು ಪಾಲನಾ ಸೇವೆಯ ಮಾದರಿಯಾಗಿ ಬೋಧಿಸಲಾಗದು. ಪತ್ನಿಯರಿಗಷ್ಟೇ ಅಲ್ಲ, ಅಂತಹ ಮನೆಗಳಲ್ಲಿ ಬೆಳೆದ ಮಕ್ಕಳಿಗೂ ಇದೇ ಸಲಹೆ ಕೊಡುವ ಗುರುಗಳು ಇಂದಿಗೂ ಇದ್ದಾರೆ. ನಾವೂ ಎಂದೋ ಕೊಟ್ಟಿರಬಹುದು.

ಹಾಗಿದ್ದೂ ಅದೇ ಪುಸ್ತಕದ ಕೊನೆಯನ್ನು ಬಿಡಲಾಗದು. ಅಗಸ್ಟೀನರು ಇದನ್ನು ಬರೆಯುವ ವೇಳೆಗೆ, 397ರ ನಂತರ, ತಂದೆ ತೀರಿ ಕಾಲು ಶತಮಾನವಾಗಿತ್ತು. ಇಡೀ ಕೃತಿಯಲ್ಲಿ ತಾಯಿಯ ಹೆಸರು ಬರುವುದು ಇಲ್ಲಿ ಒಮ್ಮೆ ಮಾತ್ರ, ಮತ್ತು ಅದರ ಜೊತೆಗೆ ತಂದೆಯ ಹೆಸರಿದೆ. ಇಬ್ಬರನ್ನೂ ಬಲಿಪೀಠದಲ್ಲಿ ಸ್ಮರಿಸಿರೆಂದು ಅವರು ಓದುಗರನ್ನು ಬೇಡುತ್ತಾರೆ. ಈ ಲೋಕದಲ್ಲಿ ಹೆತ್ತವರಾದ ಇವರು, ದೇವರೆಂಬ ತಂದೆಯ ಅಧೀನದಲ್ಲಿ, ಧರ್ಮಸಭೆಯೆಂಬ ತಾಯಿಯಲ್ಲಿ ತನ್ನ ಒಡಹುಟ್ಟಿದವರೆನ್ನುತ್ತಾರೆ. ತಾನೊಬ್ಬನೇ ಹೊರಲಾಗದ ಭಾರವನ್ನು ಪ್ರಾರ್ಥಿಸುವ ಸಮುದಾಯದ ಕೈಗೆ ಹೀಗೆ ಒಪ್ಪಿಸುತ್ತಾರೆ. ಅಲ್ಲಿ ಪ್ಯಾಟ್ರಿಷಿಯಸರ ಹೆಸರಿಗೆ ‘ಕೋಪಿಷ್ಠ’ ಎಂಬ ವಿಶೇಷಣವಿಲ್ಲ. ‘ಪ್ರಿಯ’ ಎಂಬುದೂ ಇಲ್ಲ.