ಹೆಸರು ಹಿಡಿದು ಎಣಿಸಿದ ಪಟ್ಟಿ

2013ರ ಜನವರಿಯಲ್ಲಿ ಸರಾಯೆವೊದಲ್ಲಿ ಬಿಡುಗಡೆಯಾದ ‘ಬೋಸ್ನಿಯಾದ ಮೃತರ ಪುಸ್ತಕ’ದ ತುಂಬ ಬೋಸ್ನಿಯಾ ಯುದ್ಧದಲ್ಲಿ ಸತ್ತವರ ಹೆಸರುಗಳು, ಒಟ್ಟು 95,940. ಅವರಲ್ಲಿ ಬೋಸ್ನಿಯಾಕರು (ಅಲ್ಲಿನ ಮುಸ್ಲಿಮರು), ಸರ್ಬರು, ಕ್ರೊವಾಟರು ಎಲ್ಲರೂ ಇದ್ದಾರೆ. ಪರಸ್ಪರ ಗುಂಡು ಹಾರಿಸಿಕೊಂಡವರು ಒಂದೇ ಪಟ್ಟಿಗೆ ಸೇರಿದ್ದಾರೆ. ಆ ಯುದ್ಧವನ್ನು ಅಂತರ್ಯುದ್ಧ ಎನ್ನಬೇಕೋ ನೆರೆಯವರ ದಾಳಿ ಎನ್ನಬೇಕೋ ಎಂಬ ಜಗಳವೇ ಇನ್ನೂ ತೀರದ ನಾಡಿನಲ್ಲಿ ಇದು ದೊಡ್ಡ ಕೆಲಸ.

ಮಿರ್ಸಾದ್ ತೊಕಾಚಾ ಮತ್ತು ಅವರ ಸಂಶೋಧನಾ ಕೇಂದ್ರದವರು ಪತ್ರಿಕೆಗಳ ನಿಧನವಾರ್ತೆ, ಗೋರಿಕಲ್ಲಿನ ಬರಹ, ಸೇನೆಯ ಕಡತ, ಮನೆಯವರ ಹೇಳಿಕೆ ಎಲ್ಲವನ್ನೂ ಒಂದಕ್ಕೊಂದು ತಾಳೆ ನೋಡಿ ವರ್ಷಗಟ್ಟಲೆ ಈ ಪಟ್ಟಿ ಕಟ್ಟಿದರು. ಅದಕ್ಕೆ ಮುಂಚೆ ರಾಜಕಾರಣಿಗಳ ಬಾಯಲ್ಲೂ ಪತ್ರಿಕೆಗಳಲ್ಲೂ ಓಡಾಡುತ್ತಿದ್ದ ಅಂಕಿ ಎರಡು ಲಕ್ಷ. ಹೆಸರು ಹಿಡಿದು ಎಣಿಸಿದಾಗ ಅದು ಅರ್ಧಕ್ಕಿಳಿಯಿತು. ಸತ್ತವರನ್ನು ಕಡಿಮೆ ತೋರಿಸಿದರೆಂದು ತೊಕಾಚಾ ತಮ್ಮದೇ ಬೋಸ್ನಿಯಾಕ್ ಕಡೆಯವರಿಂದ ಮಾತು ಕೇಳಬೇಕಾಯಿತು. ನನ್ನ ಮಟ್ಟಿಗೆ ಈ ಕೃತಿಯ ಗೌರವ ಇರುವುದೇ ಆ ಗಟ್ಟಿತನದಲ್ಲಿ. ಹೆಸರು ಸಿಗದ ಒಂದು ಲಕ್ಷ ಜನರನ್ನು ದುಃಖದ ಒತ್ತಡಕ್ಕೆ ಮಣಿದು ಅವರು ಸೇರಿಸಲಿಲ್ಲ.

ಸಂಖ್ಯೆ ಇಳಿದದ್ದರಿಂದ ಅಪರಾಧ ಹಗುರವಾಯಿತೇ? ಪುಸ್ತಕವೇ ಉತ್ತರ ಕೊಡುತ್ತದೆ. ಸತ್ತ 38,239 ನಾಗರಿಕರಲ್ಲಿ 31,107 ಮಂದಿ ಬೋಸ್ನಿಯಾಕರು. ಸರ್ಬರು 4,178, ಕ್ರೊವಾಟರು 2,484. ಎಲ್ಲ ಕಡೆಯವರೂ ಕೊಂದರು, ಎಲ್ಲರೂ ಸತ್ತರು, ಇನ್ನು ಬಿಡಿ ಎಂಬ ಜಾಣತನದ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಎರಡು ಲಕ್ಷ ಎಂದು ಕೂಗುತ್ತಿದ್ದಾಗ ಎದುರಿನವರು ಸುಲಭವಾಗಿ ತಳ್ಳಿಹಾಕುತ್ತಿದ್ದರು. ತಂದೆಯ ಹೆಸರು, ಊರಿನ ಹೆಸರಿನ ಸಮೇತ ದಾಖಲಾದ ಮನುಷ್ಯನನ್ನು ಹಾಗೆ ತಳ್ಳಿಹಾಕಲಾಗದು.

ಇಷ್ಟಾದರೂ ಪುಸ್ತಕದ ಒಂದು ವಿಂಗಡಣೆ ನನ್ನನ್ನು ಕಾಡುತ್ತದೆ. ಉಳಿದ 57,701 ಮಂದಿ ‘ಸೈನಿಕರು’. ಸೇನೆಯ ಪಟ್ಟಿಯಲ್ಲಿ ಹೆಸರಿತ್ತೇ ಎಂಬುದು ಇಲ್ಲಿನ ಅಳತೆ. ಆ ಗಳಿಗೆಯಲ್ಲಿ ಕೈಯಲ್ಲಿ ಬಂದೂಕಿತ್ತೇ ಎಂಬುದಲ್ಲ. ಪಿಂಚಣಿ ಸಿಗಲೆಂದು, ಸತ್ತ ಮೇಲೆ ಸೈನಿಕರೆಂದು ನೋಂದಾಯಿಸಲ್ಪಟ್ಟವರೂ ಇದ್ದಾರೆ. ಅನ್ನಕ್ಕೆ ದಾರಿಯಿಲ್ಲದ ಮನೆಯವರನ್ನು ಅದಕ್ಕಾಗಿ ಯಾರು ದೂರಿಯಾರು! 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ಬೋಸ್ನಿಯಾದ ಸರ್ಬ್ ಸೇನೆ ಕೊಂದ ಎಂಟು ಸಾವಿರಕ್ಕೂ ಹೆಚ್ಚು ಬೋಸ್ನಿಯಾಕ್ ಗಂಡಸರು ಮತ್ತು ಹುಡುಗರಲ್ಲಿ ಬಹುಪಾಲು ಮಂದಿಯನ್ನು ಸೆರೆಹಿಡಿದು ಸಾಲಾಗಿ ನಿಲ್ಲಿಸಿ ಕೊಂದದ್ದು. ಅವರಲ್ಲಿ ಯಾರ ಹೆಸರು ಸೇನೆಯ ಕಡತದಲ್ಲಿತ್ತೋ ಅವರು ಈ ಅಳತೆಯಲ್ಲಿ ಕಂದಕದಲ್ಲಿ ಕಾದಾಡುತ್ತ ಸತ್ತವರ ಪಕ್ಕ ಕೂರುತ್ತಾರೆ. ಪ್ಯಾಟ್ರಿಕ್ ಬಾಲ್, ಎವಾ ತಾಬೊ ಮುಂತಾದ ತಜ್ಞರು 2007ರಲ್ಲಿ ಈ ದತ್ತಾಂಶವನ್ನು ಪರೀಕ್ಷಿಸಿದಾಗಲೇ ಈ ವಿಂಗಡಣೆಯನ್ನು ಎಚ್ಚರದಿಂದ ಬಳಸಬೇಕೆಂದಿದ್ದರು. ಆದರೆ ಮುಂದೆ ಭಾಷಣಗಳಲ್ಲಿ ಅಂಕಿ ಉಳಿಯಿತು, ಎಚ್ಚರಿಕೆ ಉದುರಿಹೋಯಿತು.

ಇನ್ನೊಂದು ಕೊರತೆ: ಗುಂಡು, ಶೆಲ್, ಕತ್ತಿಗೆ ನೇರವಾಗಿ ಬಲಿಯಾದವರಿಗಷ್ಟೇ ಇಲ್ಲಿ ಜಾಗ. ಸರಾಯೆವೊದ ಮುತ್ತಿಗೆಯಲ್ಲಿ ಔಷಧಿ ಸಿಗದೆ, ಚಳಿ ತಾಳಲಾರದೆ ಹೋದ ಮುದುಕರನ್ನು ಯುದ್ಧ ಕೊಲ್ಲಲಿಲ್ಲವೇ? ನಿಯಮ ಬಿಗಿಯಾಗಿರಬೇಕೆಂಬುದನ್ನು ಒಪ್ಪುತ್ತೇನೆ. ಅವರಿಗೆ ಬೇರೆಯೇ ಒಂದು ಪಟ್ಟಿಯನ್ನಾದರೂ ಮಾಡಬಹುದಿತ್ತು.

ಇದರ ಜೊತೆಯಲ್ಲೇ ನೆನೆಯಬೇಕಾದ್ದು ಮೂಳೆ ಹುಡುಕುವವರ ಕೆಲಸ. ಕೊಂದವರು ಗುರುತು ಅಳಿಸಲು, ಶವಗಳನ್ನು ಒಟ್ಟಾಗಿ ಹೂತಿದ್ದ ಮೊದಲ ಗುಂಡಿಗಳನ್ನು ಯಂತ್ರದಿಂದ ಬಗೆದು ಅವನ್ನು ಬೇರೆಡೆ ಸಾಗಿಸಿದ್ದರಿಂದ ಒಬ್ಬನೇ ಮನುಷ್ಯನ ಅವಶೇಷಗಳು ಹಲವು ಕಡೆ ಸಿಕ್ಕಿವೆ. 2001ರಿಂದ ನೆಂಟರ ರಕ್ತದ ಮಾದರಿಯ ಜೊತೆ ಡಿಎನ್ಎ ಹೋಲಿಸಿ ಸಾವಿರಾರು ಜನರನ್ನು ಗುರುತಿಸಲಾಯಿತು. ಸಿಕ್ಕಷ್ಟನ್ನೇ ಹೂಳಬೇಕೋ ಉಳಿದದ್ದಕ್ಕೆ ಕಾಯಬೇಕೋ ಎಂದು ತಾಯಂದಿರೇ ತೀರ್ಮಾನಿಸಬೇಕು. ಎಂಥ ತೀರ್ಮಾನ ಅದು! ಇಡೀ ಬೋಸ್ನಿಯಾದಲ್ಲಿ ಸುಮಾರು 7,500 ಮಂದಿ ಇನ್ನೂ ಪತ್ತೆಯಾಗಿಲ್ಲ.

ಊರೂರಿನ ಸ್ಮಾರಕಗಳಿಗೆ ಮಾತ್ರ ಈ ಪುಸ್ತಕದ ಗಾಳಿಯೇ ತಾಗಿಲ್ಲ. ಪ್ರಿಯೆದೊರ್ ಬಳಿಯ ತ್ರ್ನೊಪೊಲ್ಯೆಯಲ್ಲಿ, 1992ರಲ್ಲಿ ಸರ್ಬೇತರರನ್ನು ಕೂಡಿಹಾಕಿದ್ದ ಶಿಬಿರದ ಜಾಗದಲ್ಲಿ, ನಿಂತಿರುವುದು ಸರ್ಬ್ ಸೈನಿಕರ ಸ್ಮಾರಕ. ಆ ಸೈನಿಕರನ್ನು ಅವರ ಮನೆಯವರು ನೆನೆಯಲಿ, ನೆನೆಯಲೇಬೇಕು. ಪುಸ್ತಕವೂ ಅವರನ್ನು ಬಿಟ್ಟಿಲ್ಲ. ಆದರೆ ಶಿಬಿರದ ಅಂಗಳದಲ್ಲೇ ಅದನ್ನು ನೆಟ್ಟದ್ದು ಬೇರೆಯವರ ನೆನಪಿನ ಬಾಯಿ ಮುಚ್ಚಿಸಲೆಂದೇ ಎಂದು ನಾನು ತಿಳಿಯುತ್ತೇನೆ.

ಯಾರು ಹೇಗೆ ಸತ್ತರೆಂಬುದು ಹೀಗೆ ಮರೆಯಾಗುವುದರಿಂದಲೇ, ಕೊಸೊವೊ ಯುದ್ಧದ ಬಗ್ಗೆ ನತಾಶಾ ಕಾಂಡಿಚ್ ಅವರ ಬೆಲ್‌ಗ್ರೇಡಿನ ಸಂಸ್ಥೆ 2011ರಿಂದ ಹೊರತಂದ ‘ಕೊಸೊವೊ ನೆನಪಿನ ಪುಸ್ತಕ’ದ ಮಾದರಿ ನನಗೆ ಹೆಚ್ಚು ಒಪ್ಪಿಗೆ. ಅದು ಸತ್ತವರ ಹೆಸರಿನ ಕೆಳಗೆ ಸಾವು ಬಂದ ಬಗೆಯನ್ನು ಕೆಲವು ಸಾಲುಗಳಲ್ಲಿ ಹೇಳುತ್ತದೆ. ಬೋಸ್ನಿಯಾದ ಹೆಸರುಗಳಿಗೂ ಆ ಸಾಲುಗಳು ಬೇಕು. ಆಗ ತ್ರ್ನೊಪೊಲ್ಯೆಯಲ್ಲಿ ಸತ್ತವರ ಹೆಸರಿನ ಕೆಳಗೆ ಶಿಬಿರದ ಸಂಗತಿಯನ್ನು ಬರೆಯಲೇಬೇಕಾಗುತ್ತದೆ.