ಗುಳೆ ಹೋದ ಊರಿನಲ್ಲಿ ಕನ್ನಡ

ಬಯಲುಸೀಮೆಯಲ್ಲಿ ಗುಳೆ ಹೋಗುವವರು ಮನೆ ಮಾರಿ ಹೋಗುವುದಿಲ್ಲ. ಬೀಗ ಹಾಕುತ್ತಾರೆ, ಇಲ್ಲವೇ ಮುದುಕರನ್ನು ಕಾವಲಿಗೆ ಬಿಟ್ಟು ಹೊರಡುತ್ತಾರೆ. ಊರಲ್ಲಿ ಮಳೆಯಾಯಿತೆಂದು ತಿಳಿದರೆ ಗಂಟುಮೂಟೆ ಕಟ್ಟಿ ವಾಪಸಾಗುತ್ತಾರೆ. ಹೊಟ್ಟೆಪಾಡಿನ ಈ ಪದವನ್ನು ಫೋನು ಹಿಡಿದು ಕೂತವರ ಓಡಾಟಕ್ಕೆ ಹಚ್ಚುವುದು ಸ್ವಲ್ಪ ಅತಿಯೇ. ಆದರೂ ಟ್ವಿಟರ್ ಬಿಟ್ಟು ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲ ಸೇರಿದವರನ್ನು ಎರಡು ಸುಗ್ಗಿ ನೋಡಿದ ಮೇಲೆ ನನಗೆ ಬೇರೆ ಪದ ಸಿಗುತ್ತಿಲ್ಲ.

ಭಾರತದ ಮಟ್ಟಿಗೆ ಮೊದಲ ಗುಳೆ 2019ರ ನವೆಂಬರಿನದು. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ಅವರ ಪುಟದ ನೆತ್ತಿಯ ಮೇಲಿದ್ದದ್ದು 1936ರ ಒಂದು ಪ್ರಸಿದ್ಧ ಚಿತ್ರ: ಹ್ಯಾಂಬರ್ಗಿನಲ್ಲಿ ಹಡಗು ಕಟ್ಟುವ ಜಾಗದಲ್ಲಿ ಸುತ್ತಲಿನವರೆಲ್ಲ ನಾಜಿ ವಂದನೆಗೆ ಕೈಯೆತ್ತಿದ್ದಾರೆ, ಒಬ್ಬ ಮಾತ್ರ ಕೈಕಟ್ಟಿ ನಿಂತಿದ್ದಾನೆ. ನಾಜಿಗಳಿಗೆ ಬಗ್ಗದವನ ಚಿತ್ರವೇ ಕಂಪನಿಗೆ ದ್ವೇಷದ ಚಿತ್ರವಾಗಿ ಕಂಡಿತು. ಅದೇ ವಾರಗಳಲ್ಲಿ, ನೀಲಿ ಗುರುತು ಕೊಡುವುದರಲ್ಲೂ ಖಾತೆ ತಡೆಯುವುದರಲ್ಲೂ ಜಾತಿ ನೋಡಲಾಗುತ್ತಿದೆ ಎಂದು ದಲಿತ ಬರಹಗಾರರು ದನಿಯೆತ್ತಿದ್ದರು. ಸಿಟ್ಟಾದವರು ಗುಂಪುಗುಂಪಾಗಿ ಮಾಸ್ಟೊಡಾನಿಗೆ ಹೊರಟರು. ಹೊಸ ವರ್ಷ ಬರುವಷ್ಟರಲ್ಲಿ ಆ ಗದ್ದಲ ತಣ್ಣಗಾಗಿತ್ತು.

ಎರಡನೆಯದು ಲೋಕಕ್ಕೆಲ್ಲ ಗೊತ್ತಿರುವ ಗುಳೆ. 2022ರ ಅಕ್ಟೋಬರ್ 27ರಂದು ಎಲಾನ್ ಮಸ್ಕ್ 44 ಶತಕೋಟಿ ಡಾಲರಿಗೆ ಟ್ವಿಟರನ್ನು ಕೊಂಡರು. ಮಾಸ್ಟೊಡಾನನ್ನು 2016ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಯೂಜೆನ್ ರೋಚ್ಕೊ ಆ ವರ್ಷದ ಕೊನೆಗೆ ಹೇಳಿಕೊಂಡ ಲೆಕ್ಕದಂತೆ, ಸುಮಾರು 3 ಲಕ್ಷವಿದ್ದ ಸಕ್ರಿಯ ಬಳಕೆದಾರರು ತಿಂಗಳೊಪ್ಪತ್ತಿನಲ್ಲಿ 25 ಲಕ್ಷ ಮುಟ್ಟಿದ್ದರು. ಮುಂದಿನ ಬೇಸಿಗೆಗೆ ಇವರಲ್ಲೂ ಬಹಳ ಜನ ಮರಳಿಯಾಗಿತ್ತು.

ಮರಳಿದವರನ್ನು ಆಡಿಕೊಳ್ಳುವುದು ಸುಲಭ. ಹೋದ ಜಾಗ ಹೇಗಿತ್ತು ಎಂಬುದನ್ನು ನೋಡಬೇಕು. ಮಾಸ್ಟೊಡಾನ್ ಒಂದು ತಾಣವಲ್ಲ. ಸಾವಿರಾರು ಸಣ್ಣ ಸರ್ವರ್‌ಗಳು ಒಂದೇ ಒಪ್ಪಂದದ ಮೇಲೆ ಮಾತಾಡಿಕೊಳ್ಳುವ ವ್ಯವಸ್ಥೆ. ಆ ಒಪ್ಪಂದದ ಹೆಸರು ಆ್ಯಕ್ಟಿವಿಟಿಪಬ್, 2018ರ ಜನವರಿಯಲ್ಲಿ ಅಂತರಜಾಲದ ಮಾನಕವಾಗಿ ಒಪ್ಪಿತವಾದದ್ದು. ಧಾರವಾಡದ ಅಂಚೆಪೆಟ್ಟಿಗೆಗೆ ಹಾಕಿದ ಕಾಗದ ಪುತ್ತೂರಿನ ಮನೆಗೆ ಹೋಗುವ ಹಾಗೆ, ಒಂದು ಸರ್ವರಿನಲ್ಲಿ ಬರೆದದ್ದು ಇನ್ನೊಂದರಲ್ಲಿರುವವರಿಗೆ ತಲುಪುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿ ಅಂಚೆಕಚೇರಿಗೂ ಬೇರೆ ಬೇರೆ ಯಜಮಾನ. ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಕಾಣುತ್ತದೆ. ಜಗಳವನ್ನು ಮೇಲೆತ್ತಿ ತೋರಿಸುವ ಲೆಕ್ಕಾಚಾರವಿಲ್ಲ, ಜಾಹೀರಾತಿಲ್ಲ. ಇನ್ನೊಬ್ಬರ ಮಾತನ್ನು ಎತ್ತಿ ಹಿಡಿದು ಹಂಗಿಸಲು ಒದಗುವ ಉಲ್ಲೇಖದ ಗುಂಡಿಯನ್ನೂ ರೋಚ್ಕೊ ಬಹುಕಾಲ ಕೊಡಲಿಲ್ಲ. 2025ರಲ್ಲಿ ಕೊಟ್ಟಾಗಲೂ ತನ್ನ ಮಾತನ್ನು ಯಾರು ಉಲ್ಲೇಖಿಸಬಹುದು ಎಂಬ ಹಿಡಿತ ಬರೆದವರ ಕೈಯಲ್ಲೇ ಉಳಿಯಿತು. ನಾನು ಸೇರಿದ ಮೊದಲ ವಾರ ಇದೆಲ್ಲ ಸಪ್ಪೆ ಅನಿಸಿತು. ಮೂರನೆಯ ವಾರಕ್ಕೆ, ಬೆಳಗಿನ ಕಾಫಿಯ ಜೊತೆ ಯಾರ ಮೇಲೂ ಕೆಂಡ ಕಾರದೆ ಎದ್ದಿದ್ದೇನೆ ಎಂಬುದು ಗಮನಕ್ಕೆ ಬಂತು.

ಕನ್ನಡಕ್ಕೂ ಇಲ್ಲಿ ಚೂರು ಉಸಿರಾಡಲು ಜಾಗವಿದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ ಆರು ಸಂಕೇತ. ಟ್ವಿಟರಿನ 280ರ ಗಡಿಯೊಳಗೆ ಒತ್ತಕ್ಷರದ ನುಡಿಯಲ್ಲಿ ಬರೆಯುವವರು ಮಾತನ್ನು ಕತ್ತರಿಸಿ ಕತ್ತರಿಸಿಯೇ ಸೋತಿದ್ದರು. ಮಾಸ್ಟೊಡಾನಿನ ಗಡಿ 500. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಇನ್ನೂ ಹೆಚ್ಚು. ಪ್ರತಿ ಬರಹಕ್ಕೂ ಅದು ಯಾವ ನುಡಿಯದೆಂದು ಗುರುತು ಹಾಕಬಹುದು. ಎರಡು ನುಡಿಯಲ್ಲಿ ಬರೆಯುವವರ ಕನ್ನಡವನ್ನಷ್ಟೇ ಹಿಂಬಾಲಿಸಬಹುದು.

ತೊಡಕು ಬೇರೆ ಕಡೆ ಇದೆ, ಅದನ್ನು ವಿಕೇಂದ್ರೀಕರಣದ ಭಕ್ತರು ಸಾಮಾನ್ಯವಾಗಿ ಆಡುವುದಿಲ್ಲ. ಒಂದು ಸರ್ವರಿಗೆ ಹೊರಗಿನ ಬರಹ ಬರುವುದು ಮುಖ್ಯವಾಗಿ ಅಲ್ಲಿನ ಯಾರಾದರೊಬ್ಬರು ಆ ಬರಹಗಾರರನ್ನು ಹಿಂಬಾಲಿಸುತ್ತಿದ್ದರೆ. ನಾನಿರುವ ಸರ್ವರಿನಲ್ಲಿ ಕನ್ನಡದವಳು ನಾನೊಬ್ಬಳೇ ಆದರೆ, ‘ಕನ್ನಡ’ ಎಂಬ ಹ್ಯಾಶ್‌ಟ್ಯಾಗ್ ಒತ್ತಿದಾಗ ಕಾಣುವುದು ಹೆಚ್ಚುಕಡಿಮೆ ನನಗೆ ಮೊದಲೇ ಗೊತ್ತಿದ್ದವರು. ಬೇರೆ ಬೇರೆ ಸರ್ವರ್‌ಗಳಲ್ಲಿ ನೂರು ಕನ್ನಡಿಗರು ಚೆದುರಿ ಕೂತಿದ್ದರೂ ಒಬ್ಬರಿಗೊಬ್ಬರು ಕಾಣದಿರಬಹುದು. ಇಂಗ್ಲಿಷಿಗೂ ಜರ್ಮನ್ ನುಡಿಗೂ ಇದು ತೊಂದರೆಯೇ ಅಲ್ಲ, ಎಲ್ಲ ಕಡೆ ಅವರ ಜನ ಇದ್ದೇ ಇರುತ್ತಾರೆ. ಸಣ್ಣ ಸಂಖ್ಯೆಯ ನುಡಿಗೆ ಮಾತ್ರ ಚೆದುರುವಿಕೆ ಎಂದರೆ ಇಲ್ಲವಾಗುವುದು. ನಾನು ಹೊರಟಾಗ ಸುಮಾರು ನಲವತ್ತು ಸ್ನೇಹಿತರನ್ನು ಕರೆದೆ. ಬಂದವರು ಆರು. ಅವರಲ್ಲಿ ನಾಲ್ವರು ‘ಯಾವ ಸರ್ವರ್ ಆರಿಸಲಿ ಮಾರಾಯ್ತಿ’ ಎಂದು ಕೇಳಿ, ನಾನು ಉತ್ತರ ಬರೆಯುವ ಮೊದಲೇ ಫೇಸ್‌ಬುಕ್ಕಿಗೆ ಮರಳಿದ್ದರು.

ಈ ಕೊರತೆಯನ್ನು ತುಂಬಲೆಂದೇ ಬಂದಂತಿತ್ತು ಬೆಂಗಳೂರಿನ ಕೂ. 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ ತಾಣ ಅದು. ನುಡಿಯ ಜನರನ್ನು ಒಂದೇ ಅಂಗಳಕ್ಕೆ ಕರೆದದ್ದು ಅದರ ನಿಜವಾದ ಹೆಚ್ಚುಗಾರಿಕೆ. ಅದನ್ನು ಮಾಸ್ಟೊಡಾನ್ ಇಂದಿಗೂ ಮಾಡಿಲ್ಲ. ಆದರೆ ಅಂಗಳ ಹೂಡಿಕೆದಾರರದ್ದು. 2024ರ ಜುಲೈನಲ್ಲಿ ಕೊಳ್ಳುವವರು ಸಿಗದೆ ಕೂ ತಾಣದ ಹಳದಿ ಹಕ್ಕಿ ಹಾರಿಹೋಯಿತು, ಅದಕ್ಕೂ ಹತ್ತು ವರ್ಷ ಮೊದಲು ಆರ್ಕುಟ್ ಹೋದ ಹಾಗೆ. ಟ್ವಿಟರ್ ಬಿಟ್ಟವರ ಇನ್ನೊಂದು ನೆಲೆಯಾದ ಬ್ಲೂಸ್ಕೈ ಬಗ್ಗೆ ಒಂದೇ ಮಾತು: ವಿನ್ಯಾಸ ವಿಕೇಂದ್ರೀಕೃತವಾದರೂ ಜನರೆಲ್ಲ ಕೂತಿರುವುದು ಹೆಚ್ಚುಕಡಿಮೆ ಒಂದೇ ಕಂಪನಿಯ ಸೂರಿನಡಿ.

ಹಾಗಾದರೆ ಸಣ್ಣ ಯಜಮಾನರ ಸೂರು ಗಟ್ಟಿಯೇ? ನನ್ನ ಮೊದಲ ಸರ್ವರನ್ನು ನಡೆಸುತ್ತಿದ್ದವರು ಒಂದು ದಿನ, ಕೆಲಸದ ಜೊತೆ ಇದನ್ನು ನಿಭಾಯಿಸಲಾರೆ, ಮೂರು ತಿಂಗಳಲ್ಲಿ ಮುಚ್ಚುತ್ತೇನೆ ಎಂದು ಬರೆದರು. ಸಿಟ್ಟಾಗಲೂ ಆಗಲಿಲ್ಲ, ನಾನು ಅವರಿಗೆ ಕೊಟ್ಟದ್ದು ಎರಡು ಸಲ ಚಿಲ್ಲರೆ ಕಾಸು. ಇಲ್ಲಿ ಮನೆ ಬದಲಿಸುವ ಅನುಕೂಲವಿದೆ, ಹಿಂಬಾಲಕರು ಹೊಸ ವಿಳಾಸಕ್ಕೆ ಜೊತೆಯಲ್ಲೇ ಬರುತ್ತಾರೆ. ಬರೆದದ್ದು ಬರುವುದಿಲ್ಲ. ಎರಡು ವರ್ಷ ಬರೆದದ್ದನ್ನು ಒಂದು ಕಡತದಲ್ಲಿ ಇಳಿಸಿಕೊಂಡೆ. ಅದನ್ನು ತೆರೆದು ನೋಡಿಲ್ಲ. ಕೆಲವರ ಪಾಡು ಇನ್ನೂ ವಿಚಿತ್ರ: ಡಾಟ್ ಎಎಫ್ ಎಂದು ಕೊನೆಯಾಗುವ ಚಂದದ ವಿಳಾಸ ಕೊಂಡಿದ್ದ ಕ್ವಿಯರ್ ಸಮುದಾಯದ ಸರ್ವರೊಂದಕ್ಕೆ 2024ರ ಫೆಬ್ರುವರಿಯಲ್ಲಿ ಆ ವಿಳಾಸವೇ ತಪ್ಪಿತು. ಎಎಫ್ ಎಂದರೆ ಅಫ್ಘಾನಿಸ್ತಾನ, ಅದರ ಕೀಲಿ ತಾಲಿಬಾನ್ ಕೈಯಲ್ಲಿ. ಖಾಸಗಿ ಸಂದೇಶವೆಂದು ನಾವು ನಂಬಿ ಬರೆದದ್ದನ್ನು ಸರ್ವರ್ ನಡೆಸುವವರು ಬೇಕೆಂದರೆ ಓದಬಹುದು ಎಂಬುದನ್ನೂ ಹೊಸಬರಿಗೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಸರ್ಕಾರದ ನೋಟಿಸು ಬಂದರೆ? ಖಾತೆಗಳನ್ನು ತಡೆಹಿಡಿಯುವ ಕೇಂದ್ರದ ಆದೇಶಗಳ ವಿರುದ್ಧ ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋಗಿತ್ತು. 2023ರ ಜೂನ್ 30ರಂದು ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಸೋತರೂ ಆ ಕಂಪನಿಗೆ ಮೇಲ್ಮನವಿಗೆ ಹೋಗುವ ತ್ರಾಣವಿತ್ತು. ಬಿಡುವಿನ ವೇಳೆಯಲ್ಲಿ ಸರ್ವರ್ ನಡೆಸುವ ಜಯನಗರದ ಒಬ್ಬ ಎಂಜಿನಿಯರನ್ನು ಊಹಿಸಿಕೊಳ್ಳಿ. 50 ಲಕ್ಷ ಬಳಕೆದಾರರನ್ನು ದಾಟಿದ ತಾಣಗಳಿಗೆ 2021ರ ನಿಯಮಗಳು ಹೊರಿಸಿದ ಹೆಚ್ಚುವರಿ ಹೊರೆ ಅವರ ಮೇಲಿಲ್ಲ, ನಿಜ. ಆದರೆ ಆದೇಶ ಬಂದ ದಿನ ಅವರು ಅಳಿಸುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅಳಿಸುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಕೇರಿಯ ಪ್ರಶ್ನೆ. ಯಾವ ಸರ್ವರಿನೊಡನೆ ನಂಟು ಇಡಬೇಕು, ಯಾವುದರೊಡನೆ ಕಡಿಯಬೇಕು ಎಂಬುದು ಇಲ್ಲಿ ಆಯಾ ಸರ್ವರಿನ ತೀರ್ಮಾನ. 2019ರಲ್ಲಿ ಅಮೆರಿಕದ ಬಲಪಂಥೀಯ ತಾಣ ಗ್ಯಾಬ್ ಇದೇ ತಂತ್ರಾಂಶ ಎತ್ತಿಕೊಂಡು ಬಂದಾಗ ಬಹುಪಾಲು ಸರ್ವರ್‌ಗಳು ಬಾಗಿಲು ಹಾಕಿದವು. ಟ್ವಿಟರ್ ಯಾವತ್ತೂ ತೋರದ ಚುರುಕು ಅದು. ಅದೇ ಬಾಗಿಲು ಬೇರೆಯವರ ಮುಖಕ್ಕೂ ಬೀಳುತ್ತದೆ. 2022ರಲ್ಲಿ ಬಂದ ಕಪ್ಪು ಜನಾಂಗದ ಬರಹಗಾರರು ತಮ್ಮ ಮೇಲಿನ ವರ್ಣಭೇದದ ಬಗ್ಗೆ ಬರೆದಾಗ, ಹಳಬರು ಅದರ ಮೇಲೆ ಎಚ್ಚರಿಕೆಯ ಮುಸುಕು ಹಾಕಿ ಎಂದು ಉಪದೇಶಿಸಿದರು. ಓದುವವರ ಮನಸ್ಸಿಗೆ ನೋವಾಗಬಾರದಲ್ಲ! ಜಾತಿಯ ಮಾತು ಬಂದಾಗ ನಮ್ಮಲ್ಲಿ ಕೇಳಿಬರುವ ‘ಇಲ್ಲಿ ಯಾಕೆ ಅದೆಲ್ಲ’ ಎಂಬ ಮೃದುವಾದ ದನಿಯೇ ಇದು. ಅಗ್ರಹಾರವನ್ನೂ ಅಲ್ಲಿನವರು ತಮ್ಮ ತಮ್ಮ ನಿಯಮದಂತೆ ಅಚ್ಚುಕಟ್ಟಾಗಿಯೇ ನಡೆಸುತ್ತಿದ್ದರು.

ಇಷ್ಟೆಲ್ಲ ಹೇಳಿಯೂ ನಾನು ಅಲ್ಲೇ ಇದ್ದೇನೆ, ಎರಡನೆಯ ಸರ್ವರಿನಲ್ಲಿ, ತಿಂಗಳಿಗೆ ಇನ್ನೂರು ರೂಪಾಯಿ ಕೊಟ್ಟುಕೊಂಡು. ರಚನೆ ಸರಿಯಿದೆ, ಆತಿಥ್ಯ ಸಾಲದು ಎಂಬುದು ನನ್ನ ತೀರ್ಪು. ಒಬ್ಬೊಬ್ಬರಾಗಿ ಹೊರಟರೆ ಈ ವಲಸೆ ಕೂಡುವುದಿಲ್ಲ. ಒಂದು ಪತ್ರಿಕೆಯೋ ಓದುಗರ ಬಳಗವೋ ತನ್ನ ಸರ್ವರನ್ನು ತಾನೇ ಹೂಡಿ, ಬಿಲ್ಲನ್ನೂ ಜಗಳವನ್ನೂ ಹಂಚಿಕೊಂಡು, ಇಡೀ ಓಣಿಯಾಗಿ ಎದ್ದು ಬಂದರೆ ಮಾತು ಬೇರೆ. ಹಾಗೆ ಎದ್ದು ಬಂದ ಕನ್ನಡದ ಓಣಿಯೊಂದನ್ನು ನಾನಿನ್ನೂ ಕಂಡಿಲ್ಲ.

ಮೊನ್ನೆ ಹಳೆಯ ತಾಣಕ್ಕೆ ಇಣುಕಿದೆ. ನನ್ನ ಜೊತೆ ಹೊರಟಿದ್ದ ಕವಿಮಿತ್ರರೊಬ್ಬರ ಪುಟದ ತುದಿಯಲ್ಲಿ 2022ರ ನವೆಂಬರಿನ ಸಾಲು ಇನ್ನೂ ಅಂಟಿಕೊಂಡಿದೆ: ‘ಇನ್ನು ಮುಂದೆ ಇಲ್ಲಿರುವುದಿಲ್ಲ, ಹೊಸ ವಿಳಾಸ ಕೆಳಗಿದೆ.’ ಅದರ ಅಡಿಯಲ್ಲಿ ಮೊನ್ನೆ ಬೆಳಿಗ್ಗೆಯಷ್ಟೇ ಹಾಕಿದ ಅವರ ಹೊಸ ಪುಸ್ತಕದ ಮುಖಪುಟ, ಮುನ್ನೂರು ಮೆಚ್ಚುಗೆ.