ರಾಜಪದವಿಯನ್ನು ಗುಣದಿಂದ ಅಳೆದ ಕೃತಿ: ಪ್ಲುಟಾರ್ಕ್‌ನ ‘ಡಿಮೀಟ್ರಿಯಸ್ ಚರಿತ್ರೆ’

ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ಮೇಲೆ ಅವನ ಸಾಮ್ರಾಜ್ಯಕ್ಕಾಗಿ ಪರಸ್ಪರ ಕಾದಾಡಿದ ಸೇನಾನಿಗಳನ್ನೂ ಅವರ ಮಕ್ಕಳನ್ನೂ ಇತಿಹಾಸಕಾರರು ‘ಡಯಡೋಕಿ’, ಅಂದರೆ ಉತ್ತರಾಧಿಕಾರಿಗಳು, ಎಂದು ಕರೆಯುತ್ತಾರೆ. ಅವರಲ್ಲಿ ನಗರಗಳ ಮುತ್ತಿಗೆಗೆ ಹೆಸರಾದ ಡಿಮೀಟ್ರಿಯಸನ ಬಾಳನ್ನು ಸುಮಾರು ನಾಲ್ಕು ಶತಮಾನಗಳ ಅನಂತರ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್, ಅವನನ್ನು ರೋಮಿನ ಆಂಟನಿಯ ಜೊತೆಗಿಟ್ಟು, ಸಜ್ಜನರ ಬದುಕಿನಂತೆ ದಾರಿತಪ್ಪಿದವರ ಬದುಕೂ ಓದುಗರಿಗೆ ಪಾಠವಾಗಬಲ್ಲದು ಎಂದು ಆರಂಭದಲ್ಲೇ ಸಾರುತ್ತಾನೆ. ಕೃತಿಯ ಬಲವೂ ಮಿತಿಯೂ ಈ ನಿಲುವಿನಿಂದಲೇ ಹುಟ್ಟಿವೆ.

ಅಧಿಕಾರವು ಮನುಷ್ಯನನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಕಾಣಿಸುವಲ್ಲಿ ಪ್ಲುಟಾರ್ಕ್ ಅಸಾಧಾರಣ ಸೂಕ್ಷ್ಮಜ್ಞ. ಕ್ರಿ.ಪೂ. 306ರಲ್ಲಿ ಸೈಪ್ರಸ್‌ನ ಸಲಾಮಿಸ್ ಬಳಿ ಎದುರಾಳಿ ಸೇನಾನಿ ಟಾಲೆಮಿಯ ನೌಕಾಪಡೆ ಸೋತ ಬಳಿಕ ಡಿಮೀಟ್ರಿಯಸನೂ ಅವನ ತಂದೆ ಆಂಟಿಗೊನಸನೂ ‘ರಾಜ’ ಎಂಬ ಪದವಿ ಧರಿಸಿದರು. ಉಳಿದ ಸೇನಾನಿಗಳೂ ಅದನ್ನೇ ಅನುಸರಿಸಿದಾಗ ಅವರ ನಡೆ, ನುಡಿ, ದನಿಗಳೆಲ್ಲ ವೇಷ ತೊಟ್ಟ ನಟರಲ್ಲಿ ಕಾಣುವಂತೆ ಬದಲಾದುದನ್ನು ಪ್ಲುಟಾರ್ಕ್ ಗುರುತಿಸುತ್ತಾನೆ. ಮುಂದೆ ಮ್ಯಾಸಿಡೋನಿಯದ ದೊರೆಯಾದ ಡಿಮೀಟ್ರಿಯಸ್ ಪ್ರಜೆಗಳ ಅರ್ಜಿಗಳನ್ನು ಸ್ವೀಕರಿಸಿ ಸೇತುವೆಯ ಮೇಲಿಂದ ಆಕ್ಸಿಯಸ್ ನದಿಗೆ ಸುರಿದ ಪ್ರಸಂಗವನ್ನು ಹೇಳುತ್ತ, ದೊರೆಯ ಮೊದಲ ಕೆಲಸ ಯುದ್ಧವಲ್ಲ, ನ್ಯಾಯದಾನ ಎಂಬ ತನ್ನ ತೀರ್ಪನ್ನು ಅವನು ದೃಢವಾಗಿ ಸ್ಥಾಪಿಸುತ್ತಾನೆ.

ಆದರೆ ಗುಣದೋಷಗಳ ಅಳತೆಗೋಲು ರಾಜಕೀಯದ ಕೊಡುಕೊಳ್ಳುವಿಕೆಯನ್ನು ಅಳೆಯಲಾರದು. ಕ್ರಿ.ಪೂ. 307ರಲ್ಲಿ ಅಥೆನ್ಸ್ ತನ್ನನ್ನು ಬಿಡುಗಡೆ ಮಾಡಿದ ಡಿಮೀಟ್ರಿಯಸನಿಗೂ ಆಂಟಿಗೊನಸನಿಗೂ ‘ರಕ್ಷಕ ದೇವತೆಗಳು’ ಎಂದು ಪೂಜೆ ಸಲ್ಲಿಸಿದ್ದು ಪ್ಲುಟಾರ್ಕ್‌ನ ಕಣ್ಣಿಗೆ ಬರಿಯ ಮುಖಸ್ತುತಿ. ಆದರೆ ಆ ನಗರಕ್ಕೆ 1,50,000 ಮೆಡಿಮ್ನಸ್ (ಧಾನ್ಯದ ಗ್ರೀಕ್ ಅಳತೆ) ಧಾನ್ಯವೂ 100 ಯುದ್ಧನೌಕೆಗಳಿಗೆ ಸಾಲುವಷ್ಟು ಮರವೂ ದೊರೆಯಲಿವೆ ಎಂಬ ಮಾತು ಕೊಡಲಾಗಿತ್ತೆಂದು ದಾಖಲಿಸುವವನೂ ಅವನೇ. ಉಪಕಾರಕ್ಕೆ ಗೌರವವನ್ನೂ, ಗೌರವಕ್ಕೆ ಮತ್ತಷ್ಟು ಉಪಕಾರವನ್ನೂ ಪಡೆಯುವ ಈ ವ್ಯವಹಾರವೇ ಆ ಕಾಲದ ನಗರಗಳನ್ನೂ ಅರಸರನ್ನೂ ಬೆಸೆದಿತ್ತೆಂದು ಅಂದಿನ ಶಿಲಾಶಾಸನಗಳು ಸ್ಪಷ್ಟಪಡಿಸುತ್ತವೆ.

ತಂದೆ-ಮಗ ಇಬ್ಬರೂ ಸೋತ ಕ್ರಿ.ಪೂ. 301ರ ಇಪ್ಸಸ್ ಯುದ್ಧದ ವರ್ಣನೆಯಲ್ಲೂ ಇದೇ ಕೊರತೆಯಿದೆ. ಡಿಮೀಟ್ರಿಯಸ್ ಶತ್ರುವಿನ ಬೆನ್ನಟ್ಟಿ ಬಹುದೂರ ಹೋದ ದುಡುಕನ್ನು ಪ್ಲುಟಾರ್ಕ್ ಒತ್ತಿ ಹೇಳುತ್ತಾನೆ. ಡಿಮೀಟ್ರಿಯಸ್ ಮರಳುವ ದಾರಿಯನ್ನು ಶತ್ರುಪಕ್ಷದ ಆನೆಗಳು ಅಡ್ಡಗಟ್ಟಿದವೆಂದೂ ತಿಳಿಸುತ್ತಾನೆ. ಆದರೆ ಎದುರಾಳಿ ಸೇನಾನಿ ಸೆಲ್ಯೂಕಸನಿಗೆ ಆ ಗಜಬಲ ದೊರೆತದ್ದು ಚಂದ್ರಗುಪ್ತ ಮೌರ್ಯನೊಡನೆ ಮಾಡಿಕೊಂಡ ಒಪ್ಪಂದದಿಂದ. ಯುದ್ಧದ ಫಲವನ್ನು ಒಬ್ಬನ ಸ್ವಭಾವದಷ್ಟೇ ಈ ದೂರದ ರಾಜತಂತ್ರವೂ ನಿರ್ಧರಿಸಿತ್ತು.

ಆದ್ದರಿಂದ ಅಧಿಕಾರಸ್ಥರ ಅಂತರಂಗದ ಚಿತ್ರಣವಾಗಿ ಈ ಕೃತಿ ಶ್ರೇಷ್ಠ, ಹೆಲೆನಿಸ್ಟಿಕ್, ಅಂದರೆ ಅಲೆಕ್ಸಾಂಡರನ ನಂತರದ ಗ್ರೀಕ್, ರಾಜ್ಯವ್ಯವಸ್ಥೆಯ ವಿವರಣೆಯಾಗಿ ಅಪೂರ್ಣ. ಶಾಸನಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗಲೇ ಅದರ ಪೂರ್ಣ ಪ್ರಯೋಜನ ದಕ್ಕುತ್ತದೆ.